ಒರಳು ಎಲ್ಲರದು, ಉಳಿ ಯಾರದು

ಆ ದಿನ ಮಾಡಿದ ಕೆಲಸಗಳು: ಬೆಳಗ್ಗೆ ಐದೂವರೆಗೆ ನಲ್ಲಿ ಬಂದಾಗ ಎಂಟು ಕೊಡ ನೀರು ಹಿಡಿದದ್ದು. ಸ್ಟೌವಿನ ಬತ್ತಿ ಕತ್ತರಿಸಿ ಸಮ ಮಾಡಿದ್ದು. ನಮ್ಮವರ ಡಬ್ಬಿಗೆ ನಾಲ್ಕು ಚಪಾತಿ, ಬದನೆಕಾಯಿ ಪಲ್ಯ ಕಟ್ಟಿದ್ದು. ರೇಷನ್ ಅಕ್ಕಿಯನ್ನು ಮೊರಕ್ಕೆ ಹಾಕಿ ಕಲ್ಲು ಆರಿಸಿದ್ದು, ನಡುನಡುವೆ ಅಕ್ಕಿಯೂ ಸಿಕ್ಕಿದ್ದು. ಎರಡು ಹಾಸಿಗೆ ಹೊದಿಕೆ ಒಗೆದದ್ದು. ಅರ್ಥಶಾಸ್ತ್ರದ ಗೈಡಿನಲ್ಲಿ ಮೂರು ಪುಟ ಓದಿ ಎರಡು ಮರೆತದ್ದು. ಹಿತ್ತಿಲ ಗೋಡೆಗೆ ನಾನೇ ಅಂಟಿಸಿದ್ದ ಪಟ್ಟಿಯನ್ನು ಸೌಟಿನ ಹಿಡಿಯಿಂದ ಕೆರೆದು ತೆಗೆದದ್ದು. ಮೈದಾ ಗಂಜಿಯ ಅಂಟು ಗಟ್ಟಿಯಾಗಿ ಹಿಡಿದಿದ್ದರಿಂದ ಪೂರ್ತಿ ಬರಲಿಲ್ಲ, ‘ಸಮಾನ’ ಎಂಬಷ್ಟು ಗೋಡೆಯ ಮೇಲೇ ಉಳಿಯಿತು. ಆಮೇಲೆ ಮೂಲೆ ಮನೆಗೆ ತಪ್ಪಾಯಿತು ಎಂದು ಹೇಳಲು ಹೋಗಿ, ತೌಡು ಇದೆಯಾ ಎಂದು ಕೇಳಿದ್ದು.

ಇವೆಲ್ಲ ನೆನಪಿನಿಂದ ಬರೆಯುತ್ತಿರುವುದಲ್ಲ. ನಮ್ಮವರ ಕಾರ್ಖಾನೆಯಲ್ಲಿ ವರ್ಷಕ್ಕೊಂದು ಡೈರಿ ಕೊಡುತ್ತಿದ್ದರು. ಅದರಲ್ಲಿ ಶ್ರಮಜೀವಿಗಳ ಭವಿಷ್ಯದ ಬಗ್ಗೆ ಬರೆಯಬೇಕೆಂದು ನಮ್ಮವರು ಜನವರಿಯಲ್ಲಿ ಎತ್ತಿಟ್ಟುಕೊಳ್ಳುತ್ತಿದ್ದರು. ಫೆಬ್ರವರಿಯ ಹೊತ್ತಿಗೆ ಅದು ಅಡುಗೆಮನೆಗೆ ಬರುತ್ತಿತ್ತು. ಭವಿಷ್ಯಕ್ಕೆಂದು ಗೆರೆ ಹೊಡೆದ ಪುಟಗಳಲ್ಲಿ ನಾನು ಬದನೆಕಾಯಿಯ ಬಗ್ಗೆ ಬರೆದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಯಶವಂತಪುರದಲ್ಲಿ ರೈಲು ನಿಲ್ದಾಣದ ಹಿಂದಿನ ಒಂದು ವಠಾರದಲ್ಲಿ ನಾವಿದ್ದೆವು. ಎದುರುಬದುರು ಮೂರು ಮೂರು, ಒಟ್ಟು ಆರು ಮನೆ. ಒಂದು ನಲ್ಲಿ, ಒಂದು ನುಗ್ಗೆ ಮರ, ಮರದ ಕೆಳಗೆ ತಗಡಿನ ಮಾಡು, ಮಾಡಿನ ಕೆಳಗೆ ನೆಲದಲ್ಲಿ ಹೂತ ಒಂದು ಒರಳುಕಲ್ಲು. ಮಿಕ್ಸಿ ಎಂಬುದನ್ನು ನಾವು ಜಾಹೀರಾತಿನಲ್ಲಿ ಮಾತ್ರ ನೋಡಿದ್ದೆವು. ಇಡ್ಲಿ, ದೋಸೆ, ವಡೆ ಏನೇ ಆಗಬೇಕಾದರೂ ಆರೂ ಮನೆಯವರು ಆ ಒರಳಿನ ಮುಂದೆ ಕಾಲು ಚಾಚಿ ಕೂತು ಗುಂಡು ತಿರುಗಿಸಬೇಕು.

ಒರಳು ಯಾರದು ಎಂದು ಯಾರೂ ಕೇಳಿರಲಿಲ್ಲ. ವಠಾರದ ಒಡತಿ ಅಜ್ಜಿ ಅಲ್ಲಿಯದೇ ಹಳೆಯ ಊರಿನವಳು, ಅವಳ ರಾಗಿ ಹೊಲದ ಮೇಲೇ ಈ ಆರು ಮನೆ ಎದ್ದಿದ್ದವು. ಅವಳ ಪ್ರಕಾರ ಕಲ್ಲು ಮನೆಗಳಿಗಿಂತ ಮೊದಲಿನದು. “ನಾನ್ ಮದ್ವೆಯಾಗಿ ಬಂದಾಗ್ಲೂ ಅದು ಇಂಗೇ ಬಾಯಿ ಬಿಟ್ಕಂಡು ಕುಂತಿತ್ತು,” ಎನ್ನುತ್ತಿದ್ದಳು.

ನಾವು ಗದಗದ ಕಡೆಯವರು. ವಠಾರದ ಲೆಕ್ಕದಲ್ಲಿ ಮಾತ್ರ ತುಂಗಭದ್ರೆಯ ಆಚೆ ಇರುವುದೆಲ್ಲ ಹುಬ್ಬಳ್ಳಿಯೇ, ಆದ್ದರಿಂದ ನಾನು ‘ಹುಬ್ಳಿ ಅಮ್ಮ’. ರೊಟ್ಟಿ ಬಡಿಯುವ ಕೈಗೆ ಗುಂಡು ತಿರುಗಿಸುವುದು ಬರುತ್ತಿರಲಿಲ್ಲ. ಉದ್ದು ಎಷ್ಟು ನೆನೆಯಬೇಕು, ನೀರು ಯಾವಾಗ ಚಿಮುಕಿಸಬೇಕು, ಹಿಟ್ಟು ಬೆರಳಿಗೆ ಹೇಗೆ ಹತ್ತಿದರೆ ಸಾಕು, ಇದೆಲ್ಲವನ್ನೂ ಹೇಳಿಕೊಟ್ಟವಳು ಮೂಲೆ ಮನೆಯ ಇಡ್ಲಿ ಅಕ್ಕ. ಅವಳ ಗಂಡ ಕೆಲಸಕ್ಕಿದ್ದ ಖಾಸಗಿ ಫೌಂಡ್ರಿ ಬಾಗಿಲು ಹಾಕಿ ಎರಡು ವರ್ಷವಾಗಿತ್ತು. ಆತ ದಿನವೂ ಹೋಗಿ ಮುಚ್ಚಿದ ಗೇಟನ್ನು ನೋಡಿಕೊಂಡು ಬರುತ್ತಿದ್ದ. ಮನೆ ನಡೆಯುತ್ತಿದ್ದದ್ದು ಇಡ್ಲಿಯ ಮೇಲೆ. ದಿನವೂ ಮಧ್ಯಾಹ್ನ ಮೂರಕ್ಕೆ ಒರಳಿನ ಮುಂದೆ ಕೂತರೆ ಐದರವರೆಗೆ ರುಬ್ಬುವಳು, ಬೆಳಗಿನ ನಾಲ್ಕಕ್ಕೆ ಎದ್ದು ಬೇಯಿಸುವಳು, ಆರೂವರೆಗೆ ಬುಟ್ಟಿ ಹೊತ್ತು ಕಾರ್ಖಾನೆ ಬಸ್ಸು ನಿಲ್ಲುವಲ್ಲಿಗೆ ಹೋಗುವಳು. ಅಷ್ಟು ಬೇಗ ಏಳಬೇಕಾದ್ದರಿಂದ ರಾತ್ರಿ ಎಂಟಕ್ಕೆಲ್ಲ ಅವಳ ಮನೆಯ ದೀಪ ಆರುತ್ತಿತ್ತು. ವಠಾರದಲ್ಲಿ ಮೊದಲು ಮಲಗುವ ಮನೆ ಅದು. ಆ ದೀಪ ಆರಿದ್ದು ನೋಡಿಯೇ ನಾನು ಅನ್ನಕ್ಕೆ ಇಡುತ್ತಿದ್ದೆ.

ನಮ್ಮವರದು ಸರ್ಕಾರಿ ಕಾರ್ಖಾನೆ. ಗೇಟು ಮುಚ್ಚುವ ಭಯವಿಲ್ಲದ್ದರಿಂದ ಅಲ್ಲಿ ಸಮಾಜವಾದ ಚೆನ್ನಾಗಿ ಬೆಳೆದಿತ್ತು. ಭಾನುವಾರ ಸಂಜೆ ಐದಾರು ಜನ ನಮ್ಮ ಮನೆಗೆ ಬಂದು ಬಂಡವಾಳಶಾಹಿ ಇನ್ನೆಷ್ಟು ದಿನ ಉಳಿದೀತು ಎಂದು ಚರ್ಚಿಸುತ್ತಿದ್ದರು. ಅದು ಉಳಿಯುವಷ್ಟು ದಿನವೂ ಚಹಾ ಮಾಡಬೇಕಾದವಳು ನಾನು. ಬಸ್ ಸ್ಟಾಪಿನಲ್ಲಿ ನಮ್ಮವರು ಇಡ್ಲಿ ಅಕ್ಕನ ಬುಟ್ಟಿಯಿಂದ ಮೂರನೇ ಇಡ್ಲಿ ತೆಗೆದುಕೊಳ್ಳುತ್ತ ಪಕ್ಕದವರಿಗೆ, “ಈಕಿ ಸಣ್ಣ ಬಂಡವಾಳಶಾಹಿ, ನೋಡ್ರಿ,” ಎಂದಿದ್ದರಂತೆ. ಅವಳು, “ಸಣ್ಣದಾ? ನಿನ್ನೆಗಿಂತ ದೊಡ್ಡದೇ ಹಾಕಿದ್ದೀನಿ ಕಣ್ರೀ,” ಎಂದು ಇಡ್ಲಿ ತೋರಿಸಿದ್ದಳಂತೆ.

ಅದೇ ವರ್ಷ ನಾನು ಬಿ.ಎ. ಪರೀಕ್ಷೆಗೆ ಮನೆಯಲ್ಲೇ ಓದಿ ಕೂರಲು ಹೊರಟಿದ್ದೆ. ಮೂವತ್ತು ದಾಟಿದ ಮೇಲೆ ಓದುವವರಿಗೆ ಎರಡು ಅನುಕೂಲ. ಮನೆಗೆಲಸ ತಪ್ಪಿದರೆ ಓದು ಎನ್ನಬಹುದು, ಓದು ತಪ್ಪಿದರೆ ಮನೆಗೆಲಸ ಎನ್ನಬಹುದು. ಅರ್ಥಶಾಸ್ತ್ರದ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿತ್ತು: ಒಂದೇ ಅರ್ಥವ್ಯವಸ್ಥೆಯಲ್ಲಿ ಬಂಡವಾಳಶಾಹಿಯೂ ಸಮಾಜವಾದವೂ ಜೊತೆಯಾಗಿ ಬಾಳಬಲ್ಲವೇ, ಚರ್ಚಿಸಿ. ನಮ್ಮವರನ್ನು ಕೇಳಿದೆ.

“ಬೆಕ್ಕೂ ಸಾಕ್ತೀನಿ, ಇಲೀನೂ ಸಾಕ್ತೀನಿ ಅಂದ್ರ ಹೆಂಗ? ಸಾಧ್ಯ ಇಲ್ಲ ಅಂತ ಬರಿ,” ಎಂದರು.

“ಗೈಡಿನ್ಯಾಗ ಸಾಧ್ಯ ಅಂತ ಐತಲ್ರಿ. ಮಿಶ್ರ ಅರ್ಥವ್ಯವಸ್ಥೆ ಅಂತ.”

“ಗೈಡ್ ಬರದಾಂವ ಪುಸ್ತಕಾ ಮಾರಾಂವ. ಅಂವಾ ಮತ್ತೇನ ಹೇಳ್ತಾನ?”

ಪ್ರಶ್ನೆ ಅಲ್ಲಿಗೇ ನಿಂತಿತ್ತು. ಒಂದು ಮಧ್ಯಾಹ್ನ ಊರಿಂದ ನಾದಿನಿ ಬಂದಳು. ‘ಬೆಂಗಳೂರು ದೋಸೆ ತಿನ್ನಿಸ್ತೀನಿ’ ಎಂದು ನಾನು ಮೊದಲೇ ಕಾಗದ ಬರೆದಿದ್ದೆ. ನೆನೆಸಿದ ಅಕ್ಕಿ ಹೊತ್ತು ನಾಲ್ಕು ಗಂಟೆಗೆ ಒರಳಿನ ಬಳಿ ಹೋದರೆ ಇಡ್ಲಿ ಅಕ್ಕ ಕೂತಿದ್ದಾಳೆ.

“ಇನ್ನೊಂದು ಗಂಟೆ ಕಣಮ್ಮ. ಪಾತ್ರೆ ಇಲ್ಲಿಟ್ಟು ಹೋಗಿ, ನಂದು ಆದ್ಮೇಲೆ ನಿಮ್ದೂ ನಾನೇ ರುಬ್ಬಿಕೊಡ್ತೀನಿ,” ಎಂದಳು.

ಇದಕ್ಕಿಂತ ಒಳ್ಳೆಯ ಮಾತನ್ನು ಯಾರೂ ಯಾರಿಗೂ ಹೇಳಲಾರರು. ಆದರೆ ನಾದಿನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ವೈನಿ, ಬೆಂಗಳೂರಾಗ ಕಲ್ಲಿಗೂ ಪಾಳಿ ಹಚ್ಚಬೇಕೇನ?” ಎಂದಳು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಬಂದೆ. ಮರುದಿನ ಬೆಳಗ್ಗೆ ನಾದಿನಿಗೆ ಉಪ್ಪಿಟ್ಟು ಮಾಡಿ ಹಾಕಿದೆ. ಅವಳನ್ನು ಬಸ್ಸಿಗೆ ಹತ್ತಿಸಿ ಬರುವಷ್ಟರಲ್ಲಿ ನಾನು ಸಮಾಜವಾದಿಯಾಗಿದ್ದೆ. ಅಸಮಾನತೆ ಲೋಕದಲ್ಲಿ ಬಹಳ ದಿನದಿಂದ ಇತ್ತು ನಿಜ, ನನ್ನ ದೋಸೆಗೆ ಅಡ್ಡ ಬಂದದ್ದು ಅಂದೇ.

ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಪಟ್ಟಿ ಬರೆದೆ. ‘ಒರಳು ಎಲ್ಲರದು. ಎಲ್ಲರಿಗೂ ಸಮಾನ ಹೊತ್ತು. ಮಧ್ಯಾಹ್ನ ಮೂರರಿಂದ ಆರರವರೆಗೆ, ಮನೆಗೆ ಅರ್ಧ ಗಂಟೆ.’ ಕೆಳಗೆ ಗೆರೆ ಹೊಡೆದು ಆರು ಮನೆಗೂ ಸರದಿ ಹಾಕಿದೆ. ನಮ್ಮವರು ಕನ್ನಡಕ ಏರಿಸಿ ಓದಿ, “ಭಾಳ ಚಲೋ. ನಮ್ಮ ಮಂದಿಗೆ ತೋರಿಸ್ಬೇಕು ಇದನ್ನ,” ಎಂದರು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವರು ನನ್ನ ಬರವಣಿಗೆಯನ್ನು ಹೊಗಳಿದ್ದು ಅದೊಂದೇ ಸಲ.

ನುಗ್ಗೆ ಮರದ ಕೆಳಗೆ ಎಲ್ಲ ಹೆಂಗಸರನ್ನೂ ಸೇರಿಸಿ ಪಟ್ಟಿ ಓದಿದೆ. ಎಲ್ಲರೂ ತಲೆಯಾಡಿಸಿದರು. ಇಡ್ಲಿ ಅಕ್ಕ ಮಾತ್ರ ಕೇಳಿದಳು.

“ಮೂರನೇ ಮನೆಯೋರು ರುಬ್ಬೋದು ವಾರಕ್ಕೊಂದ್ಸಲ. ಮಿಕ್ಕ ದಿನ ಅವರ ಅರ್ಧ ಗಂಟೇಲಿ ಕಲ್ಲು ಏನ್ಮಾಡ್ಬೇಕು?”

“ಅದು ಅವರ ಹಕ್ಕಲ್ರೀ ಅಕ್ಕಾರ. ಉಪಯೋಗಿಸಲಿ, ಬಿಡಲಿ.”

“ಹಕ್ಕಲ್ಲಿ ಇಡ್ಲಿ ಬೇಯುತ್ತಾ?”

ಯಾರೋ ನಕ್ಕರು. ಗೈಡಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ, ಹಾಗಾಗಿ ನಾನು ಗಂಭೀರವಾದೆ. ಅಜ್ಜಿ ಎಲೆ ಅಡಿಕೆ ಕುಟ್ಟುತ್ತ, “ಓದ್ದೋರು ಏಳ್ತಾವ್ರೆ. ಏನೋ ಇರ್ತದೆ, ಬುಡು,” ಎಂದಳು. ಪಟ್ಟಿ ಗೋಡೆಗೆ ಹತ್ತಿತು.

ಮೊದಲ ವಾರ ವಠಾರದಲ್ಲಿ ನ್ಯಾಯ ತುಂಬಿ ತುಳುಕಿತು. ಮೂರನೇ ಮನೆಯವರು ಅದುವರೆಗೆ ವಾರಕ್ಕೊಮ್ಮೆ ಬಿಟ್ಟರೆ ಒರಳಿನ ಕಡೆ ತಿರುಗಿಯೂ ನೋಡದವರು, ಈಗ ನಾಲ್ಕು ಗಂಟೆಗೆ ಸರಿಯಾಗಿ ಬಂದು ಅದರ ಪಕ್ಕ ಮಣೆ ಹಾಕಿಕೊಂಡು ಕೂತು ತಮ್ಮ ಅತ್ತಿಗೆಯಿಂದ ತಲೆ ನೋಡಿಸಿಕೊಳ್ಳತೊಡಗಿದರು. “ಇದು ನಮ್ ಟೈಮು,” ಎನ್ನುವರು. ಐದನೇ ಮನೆಯವರು ಸೊಪ್ಪು ಸೋಸುವರು. ನನ್ನ ಅರ್ಧ ಗಂಟೆಯಲ್ಲಿ ನಾನು ಗೈಡ್ ಓದುತ್ತಿದ್ದೆ. ಕಲ್ಲು ಬಾಯಿ ಬಿಟ್ಟುಕೊಂಡು ಸುಮ್ಮನೆ ಕೂತಿರುತ್ತಿತ್ತು. ನೆನೆಸಿದ ಅಕ್ಕಿಯ ತಪ್ಪಲೆ ಹಿಡಿದು ಇಡ್ಲಿ ಅಕ್ಕ ತನ್ನ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಅರ್ಧ ಗಂಟೆಗೆ ಅವಳ ಉದ್ದು ಮಾತ್ರ ಆಗುತ್ತಿತ್ತು. ಬೆಳಗ್ಗೆಯೇ ರುಬ್ಬಿಟ್ಟರೆ ಹಿಟ್ಟು ಹುಳಿಯಾಗುವುದು, ಆರರ ಮೇಲೆ ರುಬ್ಬಿದರೆ ನಾಲ್ಕರ ಹೊತ್ತಿಗೆ ಉಬ್ಬದು. ಅಕ್ಕಿಯನ್ನು ಗಿರಣಿಯಲ್ಲಿ ರವೆ ಮಾಡಿಸಿ ಬೆರೆಸಿ ನೋಡಿದಳು. ಇಡ್ಲಿ ಬಿರುಸಾಯಿತು. ಬಸ್ ಸ್ಟಾಪಿನಲ್ಲಿ ಜನ, “ಏನಕ್ಕ, ಇದು ನಮ್ ಕ್ಯಾಂಟೀನಿಂದ ತಂದಿದ್ದಾ?” ಎಂದು ಕೇಳಿದರಂತೆ. ಸರ್ಕಾರಿ ಕಾರ್ಖಾನೆಯವರ ಬಾಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

ಅಷ್ಟರ ಮೇಲೆ ಕಲ್ಲು ನುಣ್ಣಗಾಗತೊಡಗಿತು.

ಒರಳುಕಲ್ಲು ರುಬ್ಬುವುದು ಅದರ ಹೊಟ್ಟೆ ಒರಟಾಗಿದ್ದರೆ ಮಾತ್ರ. ಬಳಸುತ್ತ ಬಳಸುತ್ತ ಅದು ಸವೆದು ಜಾರುತ್ತದೆ. ಆಗ ಕಲ್ಲು ಕುಟ್ಟುವವನನ್ನು ಕರೆದು ಉಳಿಯಿಂದ ಒಳಗೆಲ್ಲ ಚುಚ್ಚಿ ಚುಚ್ಚಿ ಒರಟು ಮಾಡಿಸಬೇಕು. ನಮ್ಮ ಬೀದಿಗೆ ಹುಣಸಮಾರನಹಳ್ಳಿ ಕಡೆಯಿಂದ ಒಬ್ಬ ಮುದುಕ ಬರುತ್ತಿದ್ದ, “ಒಳ್ಳ್ ಕುಟ್ಟೋದೈತಾ, ಬೀಸೋ ಕಲ್ಲ್ ಕುಟ್ಟೋದೈತಾ,” ಎಂದು ಕೂಗಿಕೊಂಡು. ನಾಲ್ಕು ವರ್ಷ ಆ ಕೂಗನ್ನು ಕೇಳಿದ್ದೆ. ಆದರೆ ಅವನು ನಮ್ಮ ವಠಾರದೊಳಗೆ ಬರುವುದು ಯಾಕೆ, ಅವನನ್ನು ಕರೆಯುವವರು ಯಾರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಲ್ಲಿಯಲ್ಲಿ ನೀರು ಬರುವ ಹಾಗೆ ಕಲ್ಲಿಗೆ ಒರಟು ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಬಿ.ಎ. ಪರೀಕ್ಷೆಗೆ ಓದುತ್ತಿದ್ದವಳು.

ಪಟ್ಟಿ ಅಂಟಿಸಿದ ಮೇಲೆ ಅವನು ಮೊದಲ ಸಲ ಬಂದಾಗ ನಾನೇ ಬಾಗಿಲಲ್ಲಿದ್ದೆ.

“ಕುಟ್ಟೋದೈತೇನಮ್ಮಾ?”

“ಹೌದು, ಆದರೆ ಎಲ್ಲರನ್ನೂ ಕೇಳಬೇಕು. ಕಲ್ಲು ಎಲ್ಲರದು.”

“ಎಲ್ಲಾರ್ದೂ ಅಂದ್ರೆ ನನ್ ಚೀಲಕ್ಕೆ ಅಕ್ಕಿ ಆಕೋರು ಯಾರು?”

ಕೂಲಿಯೆಂದರೆ ಅವನಿಗೆ ಒಂದು ಸೇರು ಅಕ್ಕಿ. ಮನೆಮನೆಗೆ ಹೋಗಿ ಕೇಳಿದೆ. ಮೂರನೇ ಮನೆಯವರು, “ನಾವು ವಾರಕ್ಕೊಂದ್ಸಲ ರುಬ್ಬೋರು, ಸವೆಸಿದೋರು ಕೊಡ್ಲಿ,” ಎಂದರು. ಐದನೇ ಮನೆಯವರು ಎಲ್ಲರೂ ಕೊಟ್ಟರೆ ತಾವೂ ಕೊಡುವುದಾಗಿ ಹೇಳಿದರು. ಎರಡನೆಯವರು ರೇಷನ್ ಬಂದ ಮೇಲೆ ಎಂದರು. ನಾನೇ ಒಂದು ಸೇರು ಹಾಕಬಹುದಿತ್ತು. ಆದರೆ ಒಬ್ಬಳೇ ಕೊಟ್ಟರೆ ಸಮಾನತೆಗೆ ಧಕ್ಕೆ. ಮೂಲೆ ಮನೆಗೆ ಹೋಗಿ ಕೇಳುವ ಮುಖ ನನಗಿರಲಿಲ್ಲ. ಹದಿನೈದು ದಿನಕ್ಕೊಮ್ಮೆಯಂತೆ ಅವನು ಮೂರು ಸಲ ಬಂದ, ಮೂರು ಸಲವೂ ಕಲ್ಲು ಎಲ್ಲರದ್ದಾಗಿಯೇ ಇತ್ತು. ಅವನು ಚೀಲ ಹೆಗಲಿಗೇರಿಸಿ ಹೊರಟುಹೋದ.

ಅಷ್ಟರಲ್ಲಿ ಒರಳಿನ ಹೊಟ್ಟೆ ತಟ್ಟೆಯ ಹಾಗಾಗಿತ್ತು. ಗುಂಡು ಹಾಯಾಗಿ ತಿರುಗುವುದು, ಅಕ್ಕಿ ಅದರ ಜೊತೆ ಪ್ರದಕ್ಷಿಣೆ ಹಾಕಿ ಹೇಗೆ ಹೋಗಿತ್ತೋ ಹಾಗೆ ಹೊರಬರುವುದು. ಆರೂ ಮನೆಯ ದೋಸೆ ಸಮಾನವಾಗಿ ಕೆಟ್ಟಿತು. ನನ್ನ ಪಟ್ಟಿ ನಿಜವಾಗಿ ಜಾರಿಗೆ ಬಂದದ್ದು ಅಷ್ಟರಮಟ್ಟಿಗೆ.

ಇಡ್ಲಿ ಅಕ್ಕ ಬುಟ್ಟಿ ಹೊರುವುದನ್ನು ನಿಲ್ಲಿಸಿದಳು. ಬಸ್ ಸ್ಟಾಪಿನ ಜನ ಎದುರಿನ ಹೋಟೆಲಿಗೆ ಹೋಗತೊಡಗಿದರು. ನಮ್ಮವರು ಎರಡು ದಿನ ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ, ಮೂರನೇ ದಿನ ನನ್ನನ್ನು ಕೇಳಿದರು.

“ಮೂಲಿ ಮನಿಯವ್ರು ಯಾಕ ಬರವಲ್ರು?”

“ಸಮಾನತೆ ಬಂದೈತಲ್ರಿ.”

“ಸಮಾನತೆ ಬಂದ್ರ ಇಡ್ಲಿ ಯಾಕ ನಿಲ್ಲಬೇಕು?”

“ಅದನ್ನ ನಿಮ್ಮ ಮಂದೀನ ಕೇಳ್ರಿ, ಭಾನುವಾರ ಬರ್ತಾರಲ್ಲ.”

ಆ ಭಾನುವಾರ ಚರ್ಚೆ ಬೇರೆ ದೇಶದ ಬಗ್ಗೆ ನಡೆಯಿತು.

ನನಗೆ ನಿಜವಾಗಿ ತಟ್ಟಿದ್ದು ದೀಪದಿಂದ. ಒಂದು ರಾತ್ರಿ ಅನ್ನಕ್ಕೆ ಇಡಲು ಎದ್ದು ಮೂಲೆ ಮನೆಯ ಕಡೆ ನೋಡಿದರೆ ದೀಪ ಉರಿಯುತ್ತಿತ್ತು. ಊಟವಾಯಿತು, ಪಾತ್ರೆ ತೊಳೆದೆ, ನಾವು ಮಲಗಿದೆವು, ಆಗಲೂ ಉರಿಯುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಕೂತು ಊದಿನಕಡ್ಡಿ ಹೊಸೆಯುತ್ತಿದ್ದಾರೆ ಎಂದು ಅಜ್ಜಿಯಿಂದ ತಿಳಿಯಿತು. “ತಿಂಗ್ಳು ತುಂಬ್ತಲೂ ನಾಗಸಂದ್ರಕ್ಕೆ ತಂಗಿ ಮನೆತಾವ್ಕೆ ಓಯ್ತಾರಂತೆ,” ಎಂದಳು. ನನ್ನ ಮುಖ ನೋಡಿ ಮತ್ತೆ ಸೇರಿಸಿದಳು. “ನಿಂದೇನು ತಪ್ಪಿಲ್ಲ ಬುಡವ್ವ. ನೀನು ಬರೆದೆ, ನಾವು ತಲೆ ಆಡಿಸ್ದೊ.”

ಅವಳು ಸಮಾಧಾನಕ್ಕೆ ಹೇಳಿದ್ದು. ಆದರೆ ಕಾಲು ಚಾಚಿಸಿ ಕೂರಿಸಿ, ನನ್ನ ಕೈ ಹಿಡಿದು ಗುಂಡು ತಿರುಗಿಸಲು ಕಲಿಸಿದವಳನ್ನು ಅರ್ಧ ಗಂಟೆಯ ಪಟ್ಟಿಯಿಂದ ವಠಾರ ಬಿಡಿಸುತ್ತಿದ್ದೇನೆ ಎಂಬ ಲೆಕ್ಕ ಆ ರಾತ್ರಿ ನನಗೆ ಹತ್ತಿತು, ಗೈಡಿನ ಸಹಾಯವಿಲ್ಲದೆ.

ಮರುದಿನ ಬೆಳಗ್ಗೆ ಡಬ್ಬಿ ಕಟ್ಟಿ, ಅಕ್ಕಿ ಆರಿಸಿ, ಹೊದಿಕೆ ಒಗೆದು, ಗೈಡ್ ತೆರೆದು ಕೂತಾಗ ಬೀದಿಯ ತುದಿಯಲ್ಲಿ ಕೂಗು ಕೇಳಿತು. ಎದ್ದು ಹೋಗಿ ಮೊದಲು ಪಟ್ಟಿ ಕೆರೆದೆ. ಆಮೇಲೆ ಸೇರಿನಲ್ಲಿ ಅಕ್ಕಿ ತುಂಬಿಕೊಂಡು ಮುದುಕನಿಗೆ ಅಡ್ಡ ನಿಂತೆ.

“ಎಲ್ಲಾರೂ ಒಪ್ಪಿದ್ರಾ?” ಎಂದ.

“ಯಾರನ್ನೂ ಕೇಳಿಲ್ಲ. ಕುಟ್ಟಪ್ಪ.”

ಅವನು ಬಂದು ಕೂತು, ಒರಳಿನೊಳಗೆ ಅಂಗೈ ಆಡಿಸಿ, ನಾಲಿಗೆ ಲೊಚಗುಟ್ಟಿದ. ಉಳಿ ಮಾತ್ರ ತೆಗೆಯಲಿಲ್ಲ.

“ಆಯಮ್ಮ ಎಲ್ಲಿ? ಬಂದಾಗೆಲ್ಲಾ ನಂಗೆ ನಾಕು ಇಡ್ಲಿ ಕೊಡೋರು.”

“ಅವರು ಯಾಕೆ? ಅಕ್ಕಿ ನಾನು ಕೊಡ್ತೀನಲ್ಲ.”

“ಅಕ್ಕಿ ನೀವ್ ಕೊಡ್ತೀರಿ, ಸರಿ. ಎಲ್ಲಿ ಆಳ ಆಕ್ಬೇಕು, ಎಲ್ಲಿ ಮೇಲ್ಮೇಲೆ ಆಕ್ಬೇಕು ಅಂತ ಯಾರ್ ಏಳ್ತಾರೆ? ಈ ಒಳ್ಳಿನ ಒಟ್ಟೆ ಎಡಕ್ಕೆ ಜಾಸ್ತಿ ಸವೀತದೆ. ಅವರು ಪಕ್ಕದಾಗೆ ಕುಂತ್ಕಂಡು ಬೆರಳಿಟ್ಟು ತೋರಿಸ್ತಾರೆ, ನಾನ್ ಕುಟ್ತೀನಿ. ಆರ್ ವರ್ಷದಿಂದ ಅಂಗೇ. ಅವರಿಲ್ದೆ ನಾನ್ ಕುಟ್ಟಲ್ಲ.” ಆಮೇಲೆ ಕೇಳಿದ, “ತೌಡೈತಾ ನಿಮ್ಮನೇಲಿ?”

“ತೌಡು ಯಾಕೆ?”

ಹೊಸದಾಗಿ ಕುಟ್ಟಿದ ಕಲ್ಲಿನಲ್ಲಿ ಕಲ್ಲಿನ ಪುಡಿ ಇರುತ್ತದೆ, ಮೊದಲು ಎರಡು ಮೂರು ಸಲ ತೌಡು ಹಾಕಿ ರುಬ್ಬಿ ಚೆಲ್ಲಬೇಕು, ಇಲ್ಲದಿದ್ದರೆ ಅದು ಊಟಕ್ಕೆ ಬರುತ್ತದೆ ಎಂದು ಮಗುವಿಗೆ ಹೇಳುವ ಹಾಗೆ ಹೇಳಿದ. ನಾಲ್ಕು ವರ್ಷ ನಾನು ಆ ಒರಳಿನ ಹಿಟ್ಟು ತಿಂದಿದ್ದೆ, ಒಮ್ಮೆಯೂ ಹಲ್ಲಿಗೆ ಕಲ್ಲು ಸಿಕ್ಕಿರಲಿಲ್ಲ. ಅದೂ ತಾನಾಗಿ ಆಗುತ್ತದೆ ಎಂದೇ ತಿಳಿದಿದ್ದೆ.

ಹೀಗೆ ನಾನು ಮೂಲೆ ಮನೆಯ ಬಾಗಿಲಿಗೆ ಹೋದೆ. ದಾರಿಯ ಹದಿನೈದು ಹೆಜ್ಜೆಯಲ್ಲಿ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಅವಳು ಬಾಗಿಲು ತೆರೆದಾಗ ನನ್ನ ಬಾಯಿಂದ ಬಂದದ್ದು, “ತೌಡು ಐತೇನ್ರೀ?”

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಬೆರಳ ತುದಿಗಳು ಊದಿನಕಡ್ಡಿಯಿಂದ ಕಪ್ಪಾಗಿದ್ದವು. “ಇವತ್ತು ಪಟ್ಟೀಲಿ ಯಾರ ಸರದಿ?” ಎಂದಳು.

“ಪಟ್ಟಿ ಕೆರೆದು ಒಲಿಗೆ ಹಾಕಿದೆ.”

“ಅಯ್ಯೋ, ಹಾಕೋಕ್ ಮುಂಚೆ ನನ್ನ ಅರ್ಧ ಗಂಟೆ ಕತ್ತರಿಸಿ ಕೊಡ್ಬಾರ್ದಿತ್ತಾ? ನಾಗಸಂದ್ರಕ್ಕೆ ತಗೊಂಡ್ ಹೋಗ್ತಿದ್ದೆ, ನೆನಪಿಗೆ.”

ಅವಳು ಪಕ್ಕಕ್ಕೆ ಸರಿದು ನನಗೆ ಒಳಗೆ ಬರಲು ದಾರಿ ಬಿಟ್ಟಳು. “ಹುಬ್ಳಿ ಅಮ್ಮ, ಆವತ್ತು ನಿಮ್ ನಾದ್ನಿ ಮುಂದೆ ನಾನು ಎದ್ದು ಜಾಗ ಬಿಡ್ಬೇಕಿತ್ತು. ಉದ್ದು ಅರ್ಧ ಆಗಿತ್ತು, ಕೈ ಬಿಟ್ರೆ ಹಿಟ್ಟು ಕೂತ್ಬಿಡುತ್ತೆ. ಅಷ್ಟೇ ಕಾರಣ,” ಎಂದಳು. ತಪ್ಪಾಯಿತು ಎಂಬ ಮಾತನ್ನು ಅವಳೇ ಹೇಳಿ ಮುಗಿಸುತ್ತಿದ್ದಾಳೆ ಎಂದು ನನಗೆ ನಾಚಿಕೆಯಾಗಿ ತಲೆ ತಗ್ಗಿಸಿದೆ. ಆಗ ಬಾಗಿಲ ಹಿಂದಿನ ಮೂಲೆ ಕಣ್ಣಿಗೆ ಬಿತ್ತು. ದೊಡ್ಡ ತಪ್ಪಲೆಯಲ್ಲಿ ಅಕ್ಕಿ, ಪಕ್ಕದ ಪಾತ್ರೆಯಲ್ಲಿ ಉದ್ದು, ಎರಡೂ ನೆನೆಯುತ್ತಿದ್ದವು. ಪಕ್ಕದಲ್ಲೇ ಒಂದು ಮೊರ ತುಂಬ ತೌಡು.

ಮುದುಕನ ಕೂಗು ಅವಳಿಗೂ ಕೇಳಿಸಿತ್ತು. ಯಾರೂ ಕರೆಯದಿದ್ದರೆ ತಾನೇ ಕರೆಯುವುದು ಎಂದು ನಿಶ್ಚಯಿಸಿಕೊಂಡಿದ್ದಳು. ನನ್ನ ಪಶ್ಚಾತ್ತಾಪ ಅರ್ಧ ಗಂಟೆ ತಡವಾಗಿದ್ದರೂ ಏನೂ ಕೆಡುತ್ತಿರಲಿಲ್ಲ. ಈ ಕಥೆಯಲ್ಲಿ ಅರ್ಧ ಗಂಟೆ ಎಂಬುದು ಯಾವಾಗಲೂ ನನಗೇ ತಿರುಗಿ ಬಂದಿದೆ.

ಅವಳು ಮೊರ ಹೊತ್ತು ಬಂದು ಒರಳಿನ ಪಕ್ಕ ಕೂತಳು. “ಇಲ್ಲಿ ಆಳ. ಇಲ್ಲಿ ಬೇಡ. ಗುಂಡಿನ ಬುಡಕ್ಕೂ ಹಾಕಿ, ತಾತ,” ಎಂದು ಬೆರಳಿಟ್ಟು ತೋರಿಸುತ್ತ ಹೋದಳು. ಟಕ್ ಟಕ್ ಸದ್ದಿಗೆ ಮನೆಗಳಿಂದ ಒಬ್ಬೊಬ್ಬರೇ ಹೊರಬಂದರು. ಮೂರನೇ ಮನೆಯವರು, “ನಮ್ಗೂ ಹೇಳಿದ್ರೆ ಅಕ್ಕಿ ಕೊಡ್ತಿದ್ವಪ್ಪಾ,” ಎಂದರು. ಮುದುಕ ತಲೆಯೆತ್ತದೆ, “ಈಗ್ಲೂ ಚೀಲ ತೆರೆದೇ ಐತೆ,” ಎಂದ. ಅವರಿಗೆ ಒಳಗೆ ಹಾಲು ಉಕ್ಕುವುದು ನೆನಪಾಯಿತು.

ಎಲ್ಲರೂ ಇದ್ದಾಗಲೇ ಇಡ್ಲಿ ಅಕ್ಕ ತನ್ನ ಮಾತು ಹೇಳಿದಳು. ಕಲ್ಲು ಎಲ್ಲರದೇ. ಮೂರರಿಂದ ಐದು ಅವಳದು. ಕುಟ್ಟಿಸುವುದು, ತೌಡು ಹಾಕುವುದು, ಮಾಡಿನ ತಗಡು ಸೋರಿದರೆ ನೋಡುವುದು ಅವಳ ಕೆಲಸ. ಐದರ ಮೇಲೂ ಬೆಳಗ್ಗೆಯೂ ಯಾರು ಬೇಕಾದರೂ ರುಬ್ಬಬಹುದು. “ನನ್ ಹೊತ್ತಲ್ಲಿ ಯಾರಿಗಾದ್ರೂ ಅರ್ಜೆಂಟ್ ಬಂದ್ರೆ, ನಿಮ್ ನೆನೆಸಿದ್ದು ನನಗೆ ಕೊಟ್ಟು, ನನ್ ರುಬ್ಬಿದ್ದು ಎತ್ಕೊಂಡ್ ಹೋಗಿ. ಯಾರ ಮನೆ ನಾದ್ನಿ ಬಂದ್ರೂ ಸರಿ,” ಎಂದು ನನ್ನ ಕಡೆ ನೋಡದೆ ಹೇಳಿದಳು.

“ಇದನ್ನೂ ಬರ್ದು ಅಂಟಿಸ್ತೀಯೇನವ್ವಾ?” ಎಂದಳು ಅಜ್ಜಿ ನನಗೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬರೆಯಲಿಲ್ಲ. ಬರೆಯದ ಆ ಕರಾರು ಒಂಬತ್ತು ವರ್ಷ ನಡೆಯಿತು. ಎಂಬತ್ತರ ದಶಕದ ಕೊನೆಯಲ್ಲಿ ನಾವು ಯಲಹಂಕದ ಕಡೆ ಮನೆ ಮಾಡಿ ಹೋಗುವಾಗಲೂ ಕಲ್ಲು ಒರಟಾಗಿಯೇ ಇತ್ತು. ಬಸ್ ಸ್ಟಾಪಿನ ಜನ ಮಾತ್ರ ಪೂರ್ತಿ ತಿರುಗಿ ಬರಲಿಲ್ಲ. ಕೆಲವರಿಗೆ ಹೋಟೆಲಿನ ಚಟ್ನಿ ರೂಢಿಯಾಗಿತ್ತು, ಅದು ನನ್ನ ಪಟ್ಟಿಯ ಶಾಶ್ವತ ಸಾಧನೆ.

ಪರೀಕ್ಷೆ ಬರೆಯಲು ಹೆಬ್ಬಾಳದ ಹತ್ತಿರದ ಒಂದು ಕಾಲೇಜಿಗೆ ಹೋದೆ. ಆ ಪ್ರಶ್ನೆ ಬರಲಿಲ್ಲ. ಬಂದಿದ್ದರೆ ಏನು ಬರೆಯುತ್ತಿದ್ದೆನೋ. ಎರಡೂ ಜೊತೆಯಾಗಿ ಬಾಳುತ್ತವೆ ಎಂದೇ ಬರೆಯುತ್ತಿದ್ದೆ, ಆದರೆ ಹೊತ್ತು ಹಂಚಿಕೊಡುವವಳು ಒಮ್ಮೆಯಾದರೂ ತೌಡು ರುಬ್ಬಿರಬೇಕು ಎಂದು ಕೊನೆಗೊಂದು ಸಾಲು ಸೇರಿಸುತ್ತಿದ್ದೆ. ಗೈಡಿನಲ್ಲಿಲ್ಲದ ಸಾಲಿಗೆ ಅಂಕ ಬೀಳುತ್ತಿರಲಿಲ್ಲ. ಹೇಗಿದ್ದರೂ ಆ ಪತ್ರಿಕೆಯಲ್ಲಿ ನಾನು ಪಾಸಾದದ್ದು ಎರಡನೇ ಸಲಕ್ಕೆ.

ಆ ದಿನಕ್ಕೆ ತಿರುಗಿ ಬರುತ್ತೇನೆ. ತೌಡನ್ನು ನಾನು ರುಬ್ಬಿದೆ. ಮೂರು ಸಲ. ಗುಂಡು ಹೊಸ ಕಲ್ಲಿಗೆ ಕಚ್ಚಿಕೊಂಡು ತಿರುಗಲು ಒಲ್ಲದು, ಮೂರನೇ ಸಲದ ಹೊತ್ತಿಗೆ ರಟ್ಟೆ ಬಿದ್ದುಹೋಯಿತು. ಇಡ್ಲಿ ಅಕ್ಕ ಪಕ್ಕದಲ್ಲಿ ಕೂತು, “ಬಲಗಡೆ ತಿರುಗ್ಸಿ, ಬಲಗಡೆ. ನಾಲ್ಕ್ ವರ್ಷ ಆಯ್ತು ಹೇಳಿಕೊಟ್ಟು,” ಎನ್ನುತ್ತಿದ್ದಳು. ಕಲ್ಲು ತೊಳೆದ ಮೇಲೆ ಮೂರು ಗಂಟೆಗೆ ಅವಳು ಕೂತಳು, ಐದೂವರೆಗೆ ಎದ್ದಳು. ಹಿಟ್ಟು ತಪ್ಪಲೆಯ ಅಂಚಿಗೆ ಬೆಣ್ಣೆಯ ಹಾಗೆ ಹತ್ತಿತ್ತು.

ಅವರ ಮನೆಯಲ್ಲಿ ಆ ಸಂಜೆ ಒಲೆ ಹಚ್ಚಬೇಡಿ ಎಂದು ನಾನೇ ಹೇಳಿ ಕಳಿಸಿದೆ. ಜೋಳದ ರೊಟ್ಟಿ ಬಡಿದೆ, ಬೆಳಗಿನ ಬದನೆಕಾಯಿ ಪಲ್ಯ ಬಿಸಿ ಮಾಡಿದೆ, ಶೇಂಗಾ ಚಟ್ನಿ, ಮೊಸರು, ಈರುಳ್ಳಿ. ಇಡ್ಲಿ ಅಕ್ಕನ ಗಂಡ ಮೂರು ರೊಟ್ಟಿ ತಿಂದ. ಅವಳು ಒಂದನ್ನು ಮುರಿಯುತ್ತ, “ಚೆನ್ನಾಗಿದೆ, ಸ್ವಲ್ಪ ಗಟ್ಟಿ. ಇದಕ್ಕೂ ಉಳಿ ಬೇಕು,” ಎಂದಳು. ನಮ್ಮವರು ಉತ್ಪಾದನಾ ಸಾಧನಗಳು ಯಾರ ಕೈಯಲ್ಲಿರಬೇಕು ಎಂದು ಶುರು ಮಾಡ ಹೋದರು. ಅವಳು ಇನ್ನೊಂದು ತುತ್ತಿಗೆ ಚಟ್ನಿ ಹಚ್ಚಿಕೊಳ್ಳುತ್ತ, “ನಾಳೆ ಎಷ್ಟ್ ಹಾಕಲಿ ನಿಮಗೆ, ಮೂರಾ ನಾಲ್ಕಾ?” ಎಂದು ಕೇಳಿದಳು. ನಮ್ಮವರು ಸ್ವಲ್ಪ ಯೋಚಿಸಿ, ನಾಲ್ಕು ಎಂದರು.

ಅವರು ಹೋದ ಮೇಲೆ ತಟ್ಟೆ ತೊಳೆಯಲು ಹೊರಗೆ ಬಂದೆ. ಎಂಟು ಗಂಟೆಗೆ ಇನ್ನೂ ಸ್ವಲ್ಪ ಇತ್ತು, ಮೂಲೆ ಮನೆಯ ದೀಪ ಆರಿತು. ಆ ದಿನ ವಠಾರದಲ್ಲಿ ಮೊದಲು ಮಲಗಿದವಳು ಅವಳೇ. ಎರಡನೆಯವರು ನಮ್ಮವರು, ಡೈರಿ ಇಸಿದುಕೊಂಡು ಏನೋ ಬರೆಯಬೇಕೆಂದು ಕೂತವರು ಕೂತಲ್ಲೇ. ಎದೆಯ ಮೇಲಿಂದ ಅದನ್ನು ಮೆಲ್ಲಗೆ ತೆಗೆದುಕೊಂಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಎಂದು ಬರೆದೆ. ರಟ್ಟೆ ನೋಯುತ್ತಿದ್ದುದರಿಂದ ಮೊಸರು ಬರೆಯಲಿಲ್ಲ.